ಮಾಲೀಕರ ಹೆಡ್‌ಫೋನು, ನನ್ನ ಸ್ಪೀಕರು

ಆ ಕಂಪ್ಯೂಟರಿನ ಬೆನ್ನಿಗೆ ಧ್ವನಿ ಹೊರಬರುವ ತೂತು ಇದ್ದದ್ದು ಒಂದೇ, ಹಸಿರು ಬಣ್ಣದ್ದು. ಅದರಲ್ಲಿ ಸ್ಪೀಕರಿನ ಪಿನ್ನು ಇದ್ದರೆ ಹೆಡ್‌ಫೋನು ಮೂಕ, ಹೆಡ್‌ಫೋನಿನ ಪಿನ್ನು ಇದ್ದರೆ ಸ್ಪೀಕರು ಮೂಕ. ಈಗ ಪರದೆಯ ಮೂಲೆಯಲ್ಲಿ ಒಂದು ಸಲ ಒತ್ತಿದರೆ ಆಗುವ ಕೆಲಸ. ಆಗ ನಾನು ದಿನಕ್ಕೆ ಹತ್ತಾರು ಸಲ ಮೇಜಿನ ಕೆಳಗೆ ತೂರಿ, ಧೂಳು ಕುಡಿದು, ಕಣ್ಣಿಗೆ ಕಾಣದ ತೂತನ್ನು ಬೆರಳಿನಿಂದ ತಡವಿ, ಒಂದು ಪಿನ್ನು ಕಿತ್ತು ಇನ್ನೊಂದನ್ನು ಸಿಗಿಸಬೇಕಾಗಿತ್ತು. ಅಷ್ಟು ಹೊತ್ತೂ ಮಾಲೀಕರು ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದರು. ಆ ಕಾಲಿನ ಚಪ್ಪಲಿ ನನಗೆ ಅವರ ಮುಖಕ್ಕಿಂತ ಚೆನ್ನಾಗಿ ನೆನಪಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸದು. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕ್ಯಾಸೆಟ್ ಅಂಗಡಿ, ಅದರ ಮಾಳಿಗೆಯ ಮೇಲೆ ರೆಕಾರ್ಡಿಂಗ್ ಕೋಣೆ. ಗೋಡೆಗೆಲ್ಲ ಗೋಣಿಚೀಲ ಬಡಿದು, ಕಿಟಕಿಗೆ ಹಳೆಯ ಕೌದಿ ಕಟ್ಟಿದ್ದರು. ಅಂಗಡಿ ಉದ್ಘಾಟನೆಯ ಪ್ರಚಾರ, ನಾಟಕದ ಪ್ರಚಾರ, ಭಜನೆ ಪದ ಹೀಗೆ ಬಂದದ್ದನ್ನೆಲ್ಲ ಹಿಡಿದು, ಕತ್ತರಿಸಿ, ಜೋಡಿಸಿ ಕೊಡುವ ಆಪರೇಟರ್ ನಾನು. ಕೆಲಸ ನನಗೆ ಪ್ರಾಣದಷ್ಟು ಇಷ್ಟವಾಗಿತ್ತು. ಇಲ್ಲದಿದ್ದರೆ ಮೂರು ವರ್ಷ ಅಲ್ಲಿ ನಿಲ್ಲುತ್ತಿರಲಿಲ್ಲ.

ಹೆಡ್‌ಫೋನು ಇದ್ದದ್ದು ಒಂದು, ಅದು ಮಾಲೀಕರದು. ನಾನು ಕೆಲಸಕ್ಕೆ ಸೇರಿದ ದಿನವೇ ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, ಕಿವಿಗೆ ಹಾಕಿಕೊಳ್ಳುವ ವಸ್ತು ಒಬ್ಬರದೇ ಇರಬೇಕು, ಇಲ್ಲದಿದ್ದರೆ ರೋಗ ಹತ್ತುತ್ತದೆ ಎಂದು ಆರೋಗ್ಯಶಾಸ್ತ್ರ ಹೇಳಿದರು. ನಾನು ನಂಬಿದೆ. ವಾರದೊಳಗೆ ಅದನ್ನು ಅವರ ಭಾವಮೈದುನ ಹಾಕಿಕೊಂಡ, ಅಡತಿ ಅಂಗಡಿಯವರು ಹಾಕಿಕೊಂಡರು, ಹಾಡಲು ಬಂದ ಮಾಸ್ತರರೂ ಹಾಕಿಕೊಂಡರು. ಆರೋಗ್ಯಶಾಸ್ತ್ರ ನನ್ನ ಕಿವಿಗಷ್ಟೇ ಇತ್ತು. ನಮ್ಮೂರು ಇಂಡಿ ತಾಲ್ಲೂಕಿನ ಅಗರಖೇಡ. ಮನೆ ಊರಿನ ಹೊರಗಿನ ಕೇರಿಯಲ್ಲಿ, ಬಾಗಿಲಿಗೆ ಎದುರಾಗಿ ಬುದ್ಧನ ಫೋಟೋ. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ತಿಳಿಯುತ್ತದೆ. ಪಿನ್ನು ನಾನು ಮುಟ್ಟಬಹುದಿತ್ತು, ಕಿವಿಯ ಗಾದಿ ಮುಟ್ಟಬಾರದಿತ್ತು.

ಹೀಗಾಗಿ ಕೆಲಸ ತಾನಾಗಿಯೇ ಎರಡು ಹೋಳಾಯಿತು. ನಾನು ಎರಡು ಪುಟ್ಟ ಸ್ಪೀಕರುಗಳಲ್ಲಿ ಕೇಳಿ ಹಾಡು ಸಿದ್ಧ ಮಾಡುವುದು, ಅವರು ಹೆಡ್‌ಫೋನಿನಲ್ಲಿ ಕೇಳಿ ಪಾಸು ಮಾಡುವುದು. ಸ್ಪೀಕರಿನಲ್ಲಿ ಕೇಳುವುದು ಆಳುಗಳ ಕೆಲಸ ಎಂಬ ಭಾವನೆ ಅವರಲ್ಲಿ ನಿಧಾನವಾಗಿ ಬಲಿಯಿತು. ಆದರೆ ನಮ್ಮ ಸರಕೆಲ್ಲ ಕೊನೆಗೆ ಹೋಗಿ ಕೂಗುತ್ತಿದ್ದದ್ದು ಆಟೋದ ಹಾರ್ನಿನಲ್ಲಿ, ಚಹಾದಂಗಡಿಯ ಒಂಟಿ ಸ್ಪೀಕರಿನ ಟೇಪ್‌ರೆಕಾರ್ಡರಿನಲ್ಲಿ. ಅಲ್ಲಿ ಯಾರೂ ಹೆಡ್‌ಫೋನು ಹಾಕಿಕೊಂಡು ಕೂತಿರಲಿಲ್ಲ.

ಒಂದು ದಿನ ಮೇಜಿನ ಕೆಳಗಿನ ಕತ್ತಲಲ್ಲಿ ಹೆಡ್‌ಫೋನಿನ ಪಿನ್ನು ಪೂರ್ತಿ ಒಳಗೆ ಹೋಗದೆ ಅರ್ಧಕ್ಕೇ ನಿಂತಿತು. ಮೇಲಿನಿಂದ ಮಾಲೀಕರು ಹಾಡುವವನು ಎಲ್ಲಿ ಹೋದ ಎಂದು ಗದರಿದರು. ವಾದ್ಯ ಕೇಳುತ್ತಿತ್ತು, ಹಾಡು ಮಾಯವಾಗಿತ್ತು. ಪಿನ್ನು ಒತ್ತಿದೆ, ಹಾಡು ಬಂತು. ಅವರು ಅಲ್ಲಿಗೇ ಮರೆತರು. ಅವರು ಹೋದ ಮೇಲೆ ನಾನು ಸ್ಪೀಕರಿನ ಪಿನ್ನನ್ನೂ ಅರ್ಧ ಎಳೆದು ನೋಡಿದೆ, ಅದೇ ಚಮತ್ಕಾರ. ಎಡಬಲಕ್ಕೆ ಹಂಚಿದ ವಾದ್ಯ ಉಳಿಯುತ್ತಿತ್ತು, ನಟ್ಟನಡುವೆ ಇದ್ದ ಧ್ವನಿ ಮಾತ್ರ ಸಾಯುತ್ತಿತ್ತು. ಓಣಿಯ ತುದಿಯಲ್ಲಿ ರೇಡಿಯೋ ರಿಪೇರಿ ಮಾಡುವ ಉಸ್ತಾದರೊಬ್ಬರಿದ್ದರು. ಅವರನ್ನು ಕೇಳಿದೆ. ಅವರು ಕೆಲಸದಿಂದ ತಲೆ ಎತ್ತದೆ ಹೇಳಿದ ಮಾತು ಇದು: "ಒಂದ ಬಂಡಿಗೆ ಮುಂದಿನಿಂದ ಒಬ್ಬ, ಹಿಂದಿನಿಂದ ಒಬ್ಬ ಸಮಾ ನೂಕಿದ್ರ ಬಂಡಿ ಎಲ್ಲಿ ಹೋಗತೈತಿ? ಎಡಕ್ಕೂ ಬಲಕ್ಕೂ ಇರೂದು ಒಂದ ಧ್ವನಿ. ಎದುರಾಬದುರು ಬಿದ್ರ ಹೊಡದಾಡಿ ಸಾಯತೈತಿ." ಪಾಠ ಅಷ್ಟೇ. ಅದು ಯಾವ ಉಪಯೋಗಕ್ಕೆ ಬಂದೀತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಆ ವರ್ಷ ಹೆಂಗಸರ ಬೀಸುವ ಪದದ ಕ್ಯಾಸೆಟ್ಟಿಗೆ ಗಿರಾಕಿ ಹೆಚ್ಚಾಗಿತ್ತು. ನಮ್ಮವ್ವ ಪದ ಕಟ್ಟುತ್ತಾಳೆ ಎಂದು ನಾನೇ ಬಾಯಿ ತಪ್ಪಿ ಹೇಳಿದ್ದೆ. ಮಾಲೀಕರು ಕರೆಸು ಎಂದರು. ಹೊದಿಕೆಯ ಮೇಲೆ ಅವಳ ಹೆಸರು, ಫೋಟೋ ಎರಡೂ ಬರುತ್ತವೆ ಎಂದು ಅವರೇ ಹೇಳಿದರು. ಅವ್ವ ಹಸಿರು ಸೀರೆ ಉಟ್ಟು ಇಂಡಿಯ ಮೇಲೆ ಬಸ್ಸು ಹತ್ತಿ ಬಂದಳು. ಮೊದಲು ಫೋಟೋ ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿಕೊಂಡಳು.

ರೆಕಾರ್ಡಿಂಗ್ ಕೋಣೆಯೊಳಗೆ ಅವಳನ್ನು ಕರೆಯಲಿಲ್ಲ. ಒಳಗೆ ಸೆಕೆ, ಮುದುಕಿಗೆ ಉಸಿರು ಕಟ್ಟುತ್ತದೆ ಎಂದು ಮಾಲೀಕರು ಕಾಳಜಿ ತೋರಿಸಿದರು. ಹೊರಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ಮೈಕಿನ ವಾಯರನ್ನು ಕಿಟಕಿಯಿಂದ ಎಳೆದು ಅವಳ ಮುಂದೆ ಇಟ್ಟೆ. ಬಸ್ಸಿನ ಹಾರ್ನು ನಿಲ್ಲುವ ಹೊತ್ತು ನೋಡಿ ಒಂದೊಂದೇ ಪದ ಹಿಡಿದೆ. ಒಂಬತ್ತು ಪದ, ಎರಡು ಹಗಲು. ವಾದ್ಯ ಇಲ್ಲದೆ, ಮೊಣಕಾಲಿನ ಮೇಲೆ ಬೆರಳು ಬಡಿದುಕೊಂಡು ಹಾಡಿದಳು. ಪ್ರತಿ ಪದದ ಕಡೆಗೂ ಒಂದು ಸಾಲು ಇರುತ್ತಿತ್ತು, ಅದರಲ್ಲಿ ಅಗರಖೇಡದ ಹೆಸರು ಮತ್ತು ಅವಳ ಹೆಸರು. ಅದು ಅವಳ ರೂಢಿ.

ಮರುದಿನ ದಿಮ್ಮು ಎಂಬ ಚರ್ಮವಾದ್ಯ ಬಾರಿಸುವವನು, ತಾಳದವನು ಬಂದರು. ಅವ್ವನ ಧ್ವನಿ ಕೇಳುತ್ತ ಅದಕ್ಕೆ ಹೊಂದಿಸಿ ಬಾರಿಸಬೇಕು, ಆ ಧ್ವನಿ ಮೈಕಿಗೆ ಮತ್ತೆ ಸೋರಬಾರದು. ಅದಕ್ಕೆ ಹೆಡ್‌ಫೋನು ಬೇಕೇ ಬೇಕು. ದಿಮ್ಮಿನವನ ಕಿವಿಗೆ ಮಾಲೀಕರು ತಮ್ಮ ಕೈಯಾರೆ ಹೆಡ್‌ಫೋನು ಹಾಕಿದರು. ತಾಳದವನು ಅವನ ತಲೆ ಅಲ್ಲಾಡುವುದನ್ನು ನೋಡಿಕೊಂಡು ತಾಳ ಹಾಕಿದ. ಅವ್ವನ ಧ್ವನಿ ಯಾರ ಕಿವಿಗೆ ಬೇಕಾದರೂ ಹೋಗಬಹುದು, ಅವ್ವನ ಕಿವಿಗೆ ಮಾತ್ರ ಆ ಗಾದಿ ತಾಗಬಾರದು. ಹಲ್ಲು ಕಚ್ಚಿಕೊಂಡು ಕೆಲಸ ಮುಗಿಸಿದೆ. ಆ ಹೆಡ್‌ಫೋನಿನಿಂದ ಒಂದು ಲಾಭವೂ ಆಗಿತ್ತು: ಕಂಪ್ಯೂಟರಿನಲ್ಲಿ ಅವ್ವನ ಧ್ವನಿ ಬೇರೆ, ವಾದ್ಯ ಬೇರೆ, ಒಂದರ ವಾಸನೆ ಇನ್ನೊಂದಕ್ಕೆ ಹತ್ತಿರಲಿಲ್ಲ.

ಮುಂದಿನ ವಾರ ಮಾಲೀಕರು, ಪದಗಳು ಉದ್ದವಾದವು, ಕಡೆಯ ಸಾಲು ತೆಗೆ ಎಂದರು. ಕ್ಯಾಸೆಟ್ಟಿನಲ್ಲಿ ಜಾಗ ಸಾಲುವುದಿಲ್ಲ ಎಂಬ ನೆಪ. ಹೊದಿಕೆಯ ಮೇಲೆ ಹೇಗೂ ಹೆಸರು ಬರುತ್ತದಲ್ಲ ಎಂದು ನಾನು ಒಪ್ಪಿದೆ. ಪರದೆಯ ಮೇಲೆ ಗುಡ್ಡದ ಸಾಲಿನಂತೆ ಕಾಣುವ ಧ್ವನಿಯ ಗೆರೆಯನ್ನು ಹಿಡಿದು, ಧ್ವನಿ ಮತ್ತು ವಾದ್ಯ ಎರಡನ್ನೂ ಒಟ್ಟಿಗೆ ಕತ್ತರಿಸಿದೆ. ಒಂಬತ್ತು ಪದ, ಒಂಬತ್ತು ಸಾಲು. ಕತ್ತರಿಸಿದ್ದು ಗೊತ್ತಾಗದ ಹಾಗೆ ನಯವಾಗಿ ಕತ್ತರಿಸಿದೆ, ನನಗೆ ಆ ಕೈಚಳಕದ ಹೆಮ್ಮೆಯೂ ಇತ್ತು.

ಆಮೇಲೆ ಮುದ್ರಣಾಲಯದಿಂದ ಹೊದಿಕೆಯ ಕಟ್ಟು ಬಂತು. ಬಿಚ್ಚಿದೆ. ಫೋಟೋದಲ್ಲಿ ಮಾಲೀಕರ ಹೆಂಡತಿ ಇದ್ದರು. ಇಳಕಲ್ ಸೀರೆ, ಮೂಗಿಗೆ ನತ್ತು, ಎದುರಿಗೆ ಬೀಸುವ ಕಲ್ಲು. ಕೆಳಗೆ ಅವರ ಹೆಸರು, ‘ಪದ ರಚನೆ ಮತ್ತು ಗಾಯನ’. ನಾವು ಅವರನ್ನು ವೈನಿ ಎನ್ನುತ್ತಿದ್ದೆವು. ಪದ ಬಹಳ ಹಿಡಿಸಿವೆ, ಮನೆಯಲ್ಲಿ ಕೇಳುತ್ತೇನೆ ಎಂದು ಅವರು ಒಂದು ಕಚ್ಚಾ ಪ್ರತಿ ಒಯ್ದಿದ್ದರು. ಒಯ್ದದ್ದು ತುಟಿ ಹೊಂದಿಸುವ ಅಭ್ಯಾಸಕ್ಕೆ ಎಂದು ಈಗ ಗೊತ್ತಾಯಿತು.

ಒಂದು ಹೊದಿಕೆ ಹಿಡಿದುಕೊಂಡು ಹೋದೆ. ಇದೇನ್ರಿ ಎಂದು ಮಾಲೀಕರನ್ನು ಕೇಳಿದೆ. ಅವರಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

"ನಿಮ್ಮವ್ವನ ಹೆಸರು ಹಾಕಿದ್ರ ಮಂದಿ ಮನ್ಯಾಗ ಒಯ್ದು ಹಚ್ತಾರೇನಲೇ? ಧ್ವನಿಗೆ ಎಲ್ಲೀ ಜಾತಿ, ತಮ್ಮಾ? ಯಾರ ಬಾಯಾಗ ಬಂದ್ರೇನು."

ಧ್ವನಿಗೆ ಜಾತಿ ಇಲ್ಲ ಎಂದರು. ಗೋಡೆಯ ಮೇಲೆ ಹೆಡ್‌ಫೋನು ತೂಗುತ್ತಿತ್ತು. ಅವತ್ತೇ ಬಿಟ್ಟು ಹೋಗಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅವರಿಗೆ ಏನೂ ಆಗುತ್ತಿರಲಿಲ್ಲ. ಧ್ವನಿ ಅಳಿಸಿಹಾಕಿದರೆ ಪೊಲೀಸು ಸ್ಟೇಷನ್ನು. ನನಗೆ ಬೇಕಾದದ್ದು ಅವರು ತಮ್ಮ ಕಿವಿಯಾರೆ ಕೇಳಿ, ತಲೆದೂಗಿ, ಪಾಸು ಮಾಡಿ, ಆಮೇಲೆ ನಾಲ್ಕು ಜನರ ನಡುವೆ ಬೀಳುವುದು. ಹಾವು ಸಾಯಬೇಕು, ಕೋಲು ಮುರಿಯಬಾರದು. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಉಸ್ತಾದರ ಬಂಡಿ ನೆನಪಾಯಿತು.

ಉಪಾಯ ಸರಳ. ಅವ್ವನ ಧ್ವನಿಯನ್ನು ಎಡಕ್ಕೊಂದು, ಬಲಕ್ಕೊಂದು ಪ್ರತಿ ಮಾಡುವುದು. ಬಲದ ಪ್ರತಿಯನ್ನು ತಲೆಕೆಳಗು ಮಾಡುವುದು, ಅಂದರೆ ಗೆರೆಯಲ್ಲಿ ಗುಡ್ಡ ಇದ್ದಲ್ಲಿ ಕಣಿವೆ, ಕಣಿವೆ ಇದ್ದಲ್ಲಿ ಗುಡ್ಡ. ವಾದ್ಯವನ್ನು ಮುಟ್ಟಬಾರದು. ಹೆಡ್‌ಫೋನಿನಲ್ಲಿ ಒಂದೊಂದು ಕಿವಿಗೆ ಒಂದೊಂದು ಪ್ರತಿ ಹೋಗುತ್ತದೆ, ಎರಡೂ ಭೇಟಿಯಾಗುವುದೇ ಇಲ್ಲ, ಧ್ವನಿ ಗಟ್ಟಿಯಾಗಿ ಕೇಳುತ್ತದೆ. ಎಡಬಲ ಕೂಡಿ ಒಂದೇ ಸ್ಪೀಕರಿಗೆ ಬಂದರೆ ಮಾತ್ರ ಹೊಡೆದಾಡಿ ಸಾಯುತ್ತವೆ. ಹಾರ್ನು, ಒಂಟಿ ಸ್ಪೀಕರಿನ ಟೇಪು, ಎಲ್ಲ ಕಡೆಯೂ.

ಮೊದಲ ಪ್ರಯತ್ನ ಕೆಟ್ಟಿತು. ಕ್ಯಾಸೆಟ್ಟಿಗೆ ಇಳಿಸಿ ನನ್ನ ಬಾಡಿಗೆ ಕೋಣೆಯ ಒಂಟಿ ಸ್ಪೀಕರಿನ ಟೇಪಿಗೆ ಹಾಕಿದರೆ ಧ್ವನಿ ಸತ್ತಿರಲಿಲ್ಲ, ಬಾವಿಯ ತಳದಿಂದ ಕರೆದ ಹಾಗೆ ಕೇಳುತ್ತಿತ್ತು. ಅದು ಅವ್ವನ ಧ್ವನಿಯಲ್ಲ, ನಾನು ಆಮೇಲೆ ಸೇರಿಸಿದ್ದ ಎಕೋ. ತಲೆಕೆಳಗು ಮಾಡಿದ ಮೇಲೆ ಎಡಬಲಕ್ಕೆ ಬೇರೆಬೇರೆ ಎಕೋ ಕೊಟ್ಟಿದ್ದರಿಂದ ಅದು ಕೂಡಿ ಸಾಯುತ್ತಿರಲಿಲ್ಲ. ಮೊದಲು ಎಕೋ ಕೊಟ್ಟು, ಆಮೇಲೆ ಪ್ರತಿ ಮಾಡಿ, ಕೊನೆಗೆ ತಲೆಕೆಳಗು ಮಾಡಬೇಕು. ಒಂಬತ್ತೂ ಪದ ಮೊದಲಿನಿಂದ. ಆ ಕಂಪ್ಯೂಟರು ಒಂದು ಪದಕ್ಕೆ ಎಕೋ ಕೊಡುವಷ್ಟರಲ್ಲಿ ಕೆಳಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಒಂದರಿಂದ. ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಟೇಪಿನಲ್ಲಿ ದಿಮ್ಮು, ತಾಳ ಬಿಟ್ಟರೆ ಏನೂ ಇರಲಿಲ್ಲ. ಕಿವಿಗೊಟ್ಟು ಕೇಳಿದರೆ ‘ಸ’, ‘ಶ’ ಬಂದಲ್ಲಿ ಸಣ್ಣ ಸಿಳ್ಳು, ಅಷ್ಟೇ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಪಾಸು ಮಾಡುವ ದಿನ ಮಾಲೀಕರು ಒಬ್ಬರೇ ಬರಲಿಲ್ಲ. ವೈನಿ ಬಂದರು, ದೇವರ ಹಿಪ್ಪರಗಿಯಿಂದ ಅವರ ಅಣ್ಣನೂ ಬಂದಿದ್ದ. ಎಲ್ಲರೂ ಕೂಡಿ ಕೇಳೋಣ, ಸ್ಪೀಕರು ಹಚ್ಚು ಎಂದರು ಮಾಲೀಕರು. ಎರಡು ಸ್ಪೀಕರು ಅಕ್ಕಪಕ್ಕ ಇದ್ದರೆ ಧ್ವನಿ ಗಾಳಿಯಲ್ಲೇ ಕೂಡಿ ಸೊರಗುತ್ತದೆ, ಕಳ್ಳತನ ಬಯಲಾಗುತ್ತದೆ. ಎಲ್ಲರಿಗೂ ಕೇಳಲಿ ಎಂದು ನೆಪ ಹೇಳಿ ಒಂದು ಸ್ಪೀಕರನ್ನು ವೈನಿಯ ಕುರ್ಚಿಗೆ ತಾಗಿಸಿ ಇಟ್ಟೆ, ಇನ್ನೊಂದನ್ನು ವಾಯರು ಎಳೆದು ಅಣ್ಣ ಕೂತಿದ್ದ ಕಿಟಕಿಯ ಮೇಲಿಟ್ಟೆ. ಅವರಿಬ್ಬರಿಗೂ ತಮ್ಮ ತಮ್ಮ ಸ್ಪೀಕರಿನ ಅವ್ವ ಸ್ವಚ್ಛವಾಗಿ ಕೇಳಿದಳು. ಚಲೋ ಬಂದಿದೆ ಎಂದರು. ನಡುವೆ ನಿಂತಿದ್ದ ಮಾಲೀಕರು ಮಾತ್ರ ಹುಬ್ಬು ಗಂಟು ಹಾಕಿ, ಧ್ವನಿ ಎಲ್ಲಿಂದ ಬರುತ್ತಿದೆ ತಿಳಿಯುತ್ತಿಲ್ಲ ಎಂದರು.

"ಇವು ಹಳೇ ಸ್ಪೀಕರ್ ರೀ ಸಾವ್ಕಾರ್ರ, ನಮ್ಮಂಥಾವ್ರು ಕೇಳೂವು. ನೀವು ಹೆಡ್‌ಫೋನ್‌ನ್ಯಾಗ ಕೇಳ್ರಿ, ಖರೇ ಧ್ವನಿ ಅದರಾಗ ಬರತೈತಿ."

ಹೇಳಿ ಮೇಜಿನ ಕೆಳಗೆ ತೂರಿದೆ. ಆ ಒಂದು ಸಲ ನಾನು ಖುಷಿಯಿಂದ ತೂರಿದೆ. ಪಿನ್ನನ್ನು ಕೊನೆಯವರೆಗೂ ಒತ್ತಿ, ಕೂತಿದೆಯೋ ಇಲ್ಲವೋ ಎಂದು ಎರಡು ಸಲ ತಿರುಗಿಸಿ ನೋಡಿದೆ. ಮಾಲೀಕರು ಕಣ್ಣು ಮುಚ್ಚಿ ಮೂರು ಪದ ಕೇಳಿದರು. ಧ್ವನಿ ತಲೆ ತುಂಬ ಹಬ್ಬಿಕೊಂಡಿದೆ, ಇಂಥ ಕೆಲಸ ನೀನು ಯಾವತ್ತೂ ಮಾಡಿರಲಿಲ್ಲ ಎಂದು ಹೊಗಳಿದರು. ಅವತ್ತೇ ಪದ ತುಂಬಿದ ಸಿಡಿ, ಕ್ಯಾಸೆಟ್ಟು ಮಾಡುವ ಕಾರ್ಖಾನೆಗೆ ಹೋಯಿತು. ಹೊಸದು ಬರುತ್ತದಲ್ಲ ಎಂದು ವೈನಿಯ ಹತ್ತಿರ ಇದ್ದ ಹಳೆಯ ಕಚ್ಚಾ ಪ್ರತಿಯನ್ನು ಇಸಿದುಕೊಂಡು ಅದರ ಮೇಲೆ ಬೇರೇನೋ ತುಂಬಿಬಿಟ್ಟೆ.

ಬಿಡುಗಡೆ ದೇವರ ಹಿಪ್ಪರಗಿಯಲ್ಲಿ, ಸಂತೆಯ ದಿನ. ವೈನಿಯ ತವರೂರು ಅದು, ಅಣ್ಣನೇ ವೇದಿಕೆ ಹಾಕಿಸಿದ್ದ. ಬೇವಿನ ಮರಕ್ಕೆ ಎರಡು ಹಾರ್ನು ಕಟ್ಟಿದ್ದರು. ಲೌಡ್‌ಸ್ಪೀಕರಿನವನು ಟೇಪಿನಿಂದ ಬಂದ ಎಡಬಲದ ಎರಡು ವಾಯರನ್ನು ಒಂದೇ ಪಿನ್ನಿಗೆ ಹೆಣೆದು ಆಂಪ್ಲಿಫೈಯರಿಗೆ ಚುಚ್ಚಿದ್ದನ್ನು ಹೋಗಿ ಕಣ್ಣಾರೆ ನೋಡಿದೆ, ಎದೆ ತಣ್ಣಗಾಯಿತು. ಜೋಳ, ತೊಗರಿ ಮಾರಲು ಬಂದವರು, ಬಸ್ಸಿಗೆ ನಿಂತವರು ಎಲ್ಲ ಸೇರಿದ್ದರು. ಹಾರ ಬಿದ್ದವು, ಭಾಷಣ ಆಯಿತು. ಗಾಯಕಿಯವರು ಈಗ ಒಂದು ಪದ ಹಾಡುತ್ತಾರೆ ಎಂದು ಸಾರಿದರು. ವೈನಿ ಬಂದ್ ಮಾಡಿದ ಮೈಕನ್ನು ಬಾಯಿಗೆ ಹಿಡಿದರು. ಟೇಪಿನ ಗುಂಡಿ ಒತ್ತಿದವನು ನಾನೇ.

ದಿಮ್ಮು ಬಂತು, ತಾಳ ಬಂತು. ವೈನಿಯ ತುಟಿ ಬಿಚ್ಚಿತು, ಅಭ್ಯಾಸ ಚೆನ್ನಾಗಿತ್ತು, ಕೈಯೂ ಆಡಿತು. ಧ್ವನಿ ಬರಲಿಲ್ಲ. ಲೌಡ್‌ಸ್ಪೀಕರಿನವನು ಧ್ವನಿ ಹೆಚ್ಚಿಸುವ ಗುಂಡಿ ತಿರುವಿದ, ದಿಮ್ಮು ಮರ ನಡುಗುವಷ್ಟು ಹೆಚ್ಚಾಯಿತು. ತುಟಿ ಆಡುತ್ತಲೇ ಇತ್ತು. ಬೇರೆ ಕ್ಯಾಸೆಟ್ಟಿನ ಹೊದಿಕೆ ಬಿಚ್ಚಿ ಟೇಪಿಗೆ ಹಾಕಿದರು, ಅದೂ ಹಾಗೇ. ಮುಂದೆ ಕೂತ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಹಿಂದಿನವರು ನಕ್ಕರು. ಅಣ್ಣನಿಗೆ ಒಳಗಿನ ವಿಷಯ ಗೊತ್ತೇ ಇರಲಿಲ್ಲ ಎಂದು ಕಾಣುತ್ತದೆ. ಅವನು ವೇದಿಕೆ ಹತ್ತಿ ಮೈಕು ಚಾಲೂ ಮಾಡಿ, ಟೇಪು ಕೆಟ್ಟರೆ ಕೆಡಲಿ, ನೀನೇ ಹಾಡಿದ್ದಲ್ಲ, ಹಾಡು ಎಂದು ತಂಗಿಯ ಕೈಗೆ ಕೊಟ್ಟ. ವೈನಿ ಮೈಕು ಹಿಡಿದು ನಿಂತರು, ನಿಂತೇ ಇದ್ದರು, ಆಮೇಲೆ ಅದನ್ನು ಕುರ್ಚಿಯ ಮೇಲಿಟ್ಟು ಇಳಿದುಹೋದರು. ನನಗೆ ಕನಿಕರ ಬರಲಿಲ್ಲ. ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಒಂದು ಗಳಿಗೆ ನಾನು ಉಂಡಷ್ಟು ಸಂತೋಷವನ್ನು ಆಮೇಲೆ ಎಂದೂ ಉಂಡಿಲ್ಲ.

ಮಾಲೀಕರು ಆಂಪ್ಲಿಫೈಯರಿನ ಹತ್ತಿರ ಬಂದರು. ಮುಖ ಕಪ್ಪಿಟ್ಟಿತ್ತು. ಏನು ಮಾಡಿದೆ ಎಂದು ಹಲ್ಲಿನ ಸಂದಿಯಲ್ಲಿ ಕೇಳಿದರು.

"ನೀವ ಕೇಳಿ ಪಾಸ್ ಮಾಡಿದ್ರಲ್ರಿ ಸಾವ್ಕಾರ್ರ. ನನಗೂ ಒಂದಿನ ಹೆಡ್‌ಫೋನ್ ಕೊಟ್ಟಿದ್ರ ನಾನೂ ಕೇಳಿ ನೋಡ್ತಿದ್ದೆ."

ನನ್ನನ್ನು ಹೊಡೆಯಲು ಎತ್ತಿದ ಕೈ ಜನ ನೋಡುತ್ತಿದ್ದಾರೆಂದು ಕೆಳಗಿಳಿಯಿತು. ಅಲ್ಲಿಂದಲೇ ನಾನು ಕೆಲಸ ಬಿಟ್ಟೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳಿಗೆ ಹೋಗಿದ್ದ ಕ್ಯಾಸೆಟ್ಟುಗಳು ಬಾಯಿಲ್ಲದ ಕ್ಯಾಸೆಟ್ಟು ಎಂಬ ಹೆಸರು ಹೊತ್ತು ವಾಪಸು ಬಂದವಂತೆ. ಮುಳವಾಡದವನೊಬ್ಬ, ತನ್ನ ಮನೆಯ ಎರಡು ಸ್ಪೀಕರಿನ ದೊಡ್ಡ ಸೆಟ್ಟಿನಲ್ಲಿ ಹೆಣ್ಣುಮಗಳು ಹಾಡುತ್ತಾಳೆ ಎಂದು ವಾದ ಮಾಡಿದನಂತೆ, ಯಾರೂ ನಂಬಲಿಲ್ಲ. ಮಾಲೀಕರು ಸಿಟ್ಟಿನಲ್ಲಿ ಕಂಪ್ಯೂಟರಿನಲ್ಲಿದ್ದ ಒಂಬತ್ತೂ ಪದ ಅಳಿಸಿಹಾಕಿದರು ಎಂದು ಉಸ್ತಾದರು ಹೇಳಿ ಕಳಿಸಿದರು. ಆಗ ಮೊದಲ ಸಲ ನಾನು ಮಾಡಿದ್ದೇನೆಂದು ಹೊಳೆಯಿತು. ಅವ್ವನ ಇಡೀ ಧ್ವನಿ ನನ್ನ ಹತ್ತಿರವೂ ಇರಲಿಲ್ಲ, ಉಳಿದದ್ದು ಆ ಕ್ಯಾಸೆಟ್ಟುಗಳಲ್ಲಿ ಎಡಬಲಕ್ಕೆ ಸೀಳಿಹೋದದ್ದಷ್ಟೇ.

ಅಗರಖೇಡಕ್ಕೆ ಹೋದಾಗ ಅವ್ವ ಒಂದು ಕ್ಯಾಸೆಟ್ಟು ತರಿಸಿಟ್ಟುಕೊಂಡಿದ್ದಳು. ಹೊದಿಕೆ ನೋಡಿದ್ದಳು, ಟೇಪಿಗೆ ಹಾಕಿಯೂ ಕೇಳಿದ್ದಳು. ನಾನು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ, ಸಂತೆಯ ನಗೆಯನ್ನೂ ಹೇಳಿದೆ. ಅವಳು ನಗಲಿಲ್ಲ, ಅಳಲೂ ಇಲ್ಲ. ವೈನಿಯ ಬಾಯಲ್ಲಿ ತನ್ನ ಧ್ವನಿ ಇರುವುದಕ್ಕಿಂತ ಯಾರ ಬಾಯಲ್ಲೂ ಇಲ್ಲದ್ದೇ ಚಲೋ ಎಂದಳು. ಆಮೇಲೆ ಕ್ಯಾಸೆಟ್ಟು ತಿರುವಿ ಹಾಕಿ, "ಈ ಬಾಜೂನೂ ಹಿಂಗ ಮಾಡಿಯೇನು?" ಎಂದು ಕೇಳಿದಳು. ಹೌದೆಂದೆ. ಆದರೂ ಕೇಳಿ ನೋಡಿದಳು. ಮೊಣಕಾಲಿನ ಮೇಲೆ ಬೆರಳು ದಿಮ್ಮಿನ ಜೊತೆ ಬೀಳುತ್ತಿತ್ತು, ಬಾಯಿ ಒಳಗೊಳಗೇ ಪದ ಹೇಳಿಕೊಳ್ಳುತ್ತಿತ್ತು. ಪದ ಮುಗಿದು ದಿಮ್ಮು ನಿಂತಿತು. ಬೆರಳು ಇನ್ನೂ ಬಡಿಯುತ್ತಿತ್ತು.

"ಕಡೀ ಸಾಲಿನ ಬಡತ ಇಲ್ಲಲ್ಲ. ನನ್ನ ಹೆಸರಿನ ಸಾಲು. ಅದನ್ನ ಯಾರು ತಗದ್ರು?"

"ನಾನ ತಗದೇನವ್ವಾ. ಸಾವ್ಕಾರ್ರು ಹೇಳಿದ್ರು."

"ಅವ ಹೇಳಿದ. ಕೈ ನಿಂದು."

ಟೇಪು ಬಂದ್ ಮಾಡಿ ಎದ್ದು ಹೋದಳು. ಮರುವರ್ಷ ನಾನು ಇಂಡಿಯಲ್ಲಿ ಸ್ವಂತ ಕಂಪ್ಯೂಟರು, ಸ್ವಂತ ಮೈಕು ಇಟ್ಟುಕೊಂಡೆ. ಒಳಗೆ ಕೂತು ಹಾಡುವಿಯಂತೆ, ಬಾ ಎಂದು ಎಷ್ಟೋ ಸಲ ಕರೆದೆ. ಬರುತ್ತೇನೆ ಎನ್ನುತ್ತಾಳೆ, ಬಂದಿಲ್ಲ. ಹಾಡುವುದನ್ನೇನೂ ಬಿಟ್ಟಿಲ್ಲ. ಕಾಳು ಹಸನು ಮಾಡುವಾಗ ಅವಳ ಧ್ವನಿ ಓಣಿಯವರೆಗೂ ಕೇಳುತ್ತದೆ. ನಾನು ಹೊಸ್ತಿಲು ದಾಟಿದ ಕೂಡಲೇ ನಿಲ್ಲಿಸುತ್ತಾಳೆ.